ಗಾಳಿ ನೋಡೋ ಶರ್ಟು

ಮಾರ್ಚ್ 4

ಮಗಳಿಗೆ,

ಮೊದಲೇ ಹೇಳಿಬಿಡ್ತೀನಿ, ನಾನು ನಿನ್ನ ಜೊತೆ ಮಾತು ಬಿಟ್ಟಿರೋದು ಬಿಟ್ಟಿರೋದೇ. ಇದು ಮಾತಲ್ಲ, ದೂರು. ಫೋನ್ ಮಾಡಬಹುದಿತ್ತು. ಆದ್ರೆ ಫೋನಲ್ಲಿ ನೀನು ಮಧ್ಯೆ ಬಾಯಿ ಹಾಕ್ತೀಯ. ಕಾಗದದಲ್ಲಾದ್ರೆ ನಾನು ಬೈದು ಮುಗಿಸೋ ತನಕ ನೀನು ಕೇಳಲೇಬೇಕು. ನಿಮ್ಮ ಬಸ್ಸಿನ ಡ್ರೈವರಣ್ಣನ ಕೈಲಿ ಕೊಟ್ಟು ಕಳಿಸ್ತಿದ್ದೀನಿ. ಒಡೆದು ಓದಬೇಡಪ್ಪಾ ಅಂತ ಅವನಿಗೂ ಹೇಳಿದ್ದೀನಿ. ಓದ್ತಾನೆ, ಗೊತ್ತು.

ವಿಷಯ ಏನಂದ್ರೆ, ನಿನ್ನೆ ಶನಿವಾರ ಬೆಳಗ್ಗೆ ಹೋಟೆಲಿನ ಬೆಡ್‌ಶೀಟ್ ಒಗೆದು ಹಿಂಡಿ, ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಒಣಹಾಕೋ ಅಂಗಳಕ್ಕೆ ಬಂದ್ರೆ, ನನ್ನ ಹಗ್ಗದ ಮೇಲೆ ನಾಲ್ಕು ಬಟ್ಟೆ. ನಮ್ಮದಲ್ಲ, ಹೋಟೆಲಿಂದೂ ಅಲ್ಲ. ಒಂದು ಹೂವಿನ ಸ್ಕಾರ್ಫು, ಒಂದು ಟೈ, ಒಂದು ಸ್ವೆಟರು, ಒಂದು ಮಗುವಿನ ಕಾಲುಚೀಲ. ಕ್ಲಿಪ್ ಹಾಕಿರೋ ಚಂದ ನೋಡಿದ್ರೆ ಜನ್ಮದಲ್ಲಿ ಬಟ್ಟೆ ಒಣಹಾಕಿದವರಲ್ಲ. ಅದರ ಪಕ್ಕದಲ್ಲಿ ಒಬ್ಬ ಹೆಂಗಸು ನಿಮ್ಮಪ್ಪನ ನೀಲಿ ಶರ್ಟಿನ ತೋಳು ಹಿಡ್ಕೊಂಡು ಅಳ್ತಾ ನಿಂತಿದ್ದಾಳೆ!

ನಿಮ್ಮಪ್ಪನಿಗೆ ನನಗೆ ಗೊತ್ತಿಲ್ಲದ ಪರಿಚಯ ಯಾರಾದ್ರೂ ಇದ್ರಾ ಅಂತ ಒಂದು ಕ್ಷಣ ಬೇಡದ್ದೆಲ್ಲ ತಲೆಗೆ ಬಂತು ನೋಡು. ಆಮೇಲೆ ಅವಳ ಜೊತೆಗಿದ್ದವನು ನಮ್ಮ ಭಾಷೇನ ಹಿಂಡಿ ಹಿಪ್ಪೆ ಮಾಡಿ ಹೇಳಿದ. ಇದು ಈ ಊರಿನ ಪದ್ಧತಿಯಂತೆ. ತೀರಿಕೊಂಡವರ ಬಟ್ಟೆ ಒಂದನ್ನ ಗಾಳಿಗೆ ಹಾಕಿದ್ರೆ ಅವರು ಬಂದು ತೊಟ್ಟು ನೋಡಿ ಹೋಗ್ತಾರಂತೆ. ಹಸಿರು ಕೊಡೆ ಹಿಡಿದ ಗೈಡ್ ಹುಡುಗಿ ಹೇಳಿದಳಂತೆ.

ಹಸಿರು ಕೊಡೆ ಯಾರದು ಅಂತ ನನಗೆ ಗೊತ್ತಿಲ್ವಾ? ಬುಧವಾರ, ಶನಿವಾರ ಬಸ್ಸು ಬಂದು ನಿಂತ ತಕ್ಷಣ ಮೇಲೆ ರಸ್ತೆ ಅಂಚಿನ ಕಂಬಿ ಹತ್ತಿರ ಆ ಕೊಡೆ ಬಿಚ್ಚಿಕೊಳ್ಳುತ್ತೆ. ಬಂದವರೆಲ್ಲ ನೂರಾ ನಲವತ್ತು ಮೆಟ್ಟಿಲು ಇಳಿದು ನಮ್ಮ ಅಂಗಳ, ನಮ್ಮ ಓಣಿ ಸುತ್ತಿ ಹೋಗ್ತಾರೆ. ಕೊಡೆ ಮಾತ್ರ ಮೇಲೇ ಇರುತ್ತೆ. ಹೌದು, ಇಳೀಬೇಡ ಅಂದಿದ್ದು ನಾನೇ. ನಿಮ್ಮಪ್ಪ ಹೋಗಿ ಮೂರು ತಿಂಗಳಾಗಿರಲಿಲ್ಲ, "ನನಗೆ ಈ ಸೋಪಿನ ನೀರು ಬೇಡ, ಗೈಡ್ ಆಗ್ತೀನಿ" ಅಂತ ನೀನು ಪೆಟ್ಟಿಗೆ ಎತ್ತಿದೆ. "ಹೋಗು, ಮತ್ತೆ ಈ ಮೆಟ್ಟಿಲು ಇಳೀಬೇಡ" ಅಂದೆ. ಮೂರು ವರ್ಷ ಆಯ್ತು. ಹುಟ್ಟಿದಾಗಿಂದ ನಾನು ಹೇಳಿದ ಮಾತು ಒಂದನ್ನೂ ಕೇಳದವಳು, ಅದೊಂದನ್ನ ಮಾತ್ರ ಚಾಚೂ ತಪ್ಪದೆ ಪಾಲಿಸ್ತಿದ್ದೀಯ.

ಶರ್ಟು ಯಾಕೆ ಅಂತ ಮರೆತಿದ್ರೆ ಇನ್ನೊಂದು ಸಲ ಹೇಳ್ತೀನಿ, ಕಿವಿಗೊಟ್ಟು ಕೇಳು. ಕೆಳಗೆ ಬೇಕರಿ. ಅದರ ಚಿಮಣಿ ಹೊಗೆ ನಮ್ಮ ಕಡೆ ತಿರುಗಿದ್ರೆ ಬಿಳಿ ಬೆಡ್‌ಶೀಟ್ ಮೇಲೆಲ್ಲ ಮಸಿ, ಮತ್ತೆ ಮೊದಲಿಂದ ಒಗೀಬೇಕು. ಅದಕ್ಕೇ ಬೆಳಗ್ಗೆ ಮೊದಲು ಒಂದು ಶರ್ಟು ಹಾಕಿ ಗಾಳಿ ನೋಡೋದು. ಕರ್ಚೀಫು ಸುಮ್ಮಸುಮ್ಮನೆ ಎಲ್ಲ ಕಡೆ ಹಾರುತ್ತೆ, ಬೆಡ್‌ಶೀಟು ಬೇಗ ಅಲ್ಲಾಡಲ್ಲ, ತುಂಬು ತೋಳಿನ ಶರ್ಟು ಮಾತ್ರ ಸರಿಯಾಗಿ ಕೈ ತೋರಿಸುತ್ತೆ ಅಂತ ನಿಮ್ಮಪ್ಪ ಹೇಳ್ತಿದ್ರು. ತೋಳು ಬೇಕರಿ ಕಡೆ ಹೋದ್ರೆ ಬೆಡ್‌ಶೀಟ್ ಹಾಕು, ಮನೆ ಕಡೆ ಬಂದ್ರೆ ಕಾಯಿ. ಇಷ್ಟೇ. ಅದು ಕೆಲಸ. ಪದ್ಧತಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ.

ಅವರಿಗೆ ಹೇಳು. ನನ್ನ ಹಗ್ಗ ನನಗೆ ಬೇಕು.

ಮಾತು ಬಿಟ್ಟಿರೋ
ನಿನ್ನ ಅಮ್ಮ

ಮಾರ್ಚ್ 10

ಅಮ್ಮಾ,

ಡ್ರೈವರಣ್ಣ ಕವರು ಕೊಡುವಾಗಲೇ "ಬೈಗುಳ ಜಾಸ್ತಿ ಇದೆ, ಊಟ ಮಾಡ್ಕೊಂಡು ಓದಮ್ಮ" ಅಂದ. ಊಟ ಬಿಟ್ಟು ಓದಿದೆ. ನಾಲ್ಕು ಸಲ ಓದಿದೆ. ನಿನ್ನ ಅಕ್ಷರ ನೋಡಿ ಮೂರು ವರ್ಷ ಆಗಿತ್ತು. ಸಿಟ್ಟು ಬಂದಾಗ ನೀನು ಪೆನ್ನು ಒತ್ತಿ ಬರೀತೀಯಲ್ಲ, ಹಾಳೆ ಹಿಂದೆ ಬೆರಳಾಡಿಸಿದ್ರೂ ಗೊತ್ತಾಗುತ್ತೆ. ಖುಷಿಯಾಯ್ತು ಅಂದ್ರೆ ನೀನು ಇನ್ನೂ ಬೈತೀಯ. ಆದ್ರೂ ಆಯ್ತು.

ತಪ್ಪು ನನ್ನದೇ. ಹೇಗಾಯ್ತು ಅಂತ ಹೇಳ್ತೀನಿ. ಮೇಲೆ ಕಂಬಿ ಹತ್ತಿರ ನಿಂತು ನಮ್ಮ ಊರು ನೋಡಿದವರೆಲ್ಲ "ಎಂಥ ನೆಮ್ಮದಿ ಇಲ್ಲಿ" ಅಂತಾರೆ. ಮಧ್ಯಾಹ್ನ ಓಣಿ ಖಾಲಿ ಇದ್ರೆ ಅವಸರವೇ ಗೊತ್ತಿಲ್ಲದ ಜನ ಅಂತ ಪುಸ್ತಕದಲ್ಲಿ ಬರ್ಕೋತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮೈಮುರಿದು ದುಡಿದವರು ಮಧ್ಯಾಹ್ನ ಮಲಗಿರ್ತಾರೆ ಅಂತ ಹೇಳಿ ನೋಡಿದ್ದೀನಿ. ಯಾರೂ ಬರ್ಕೊಳ್ಳಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಅದನ್ನ ನುಣ್ಣಗೆ ಅಂತ ಹೇಳೋದೇ ನನ್ನ ಕೆಲಸ ಆಗಿಬಿಟ್ಟಿದೆ.

ಹೋದ ನವೆಂಬರಿನಲ್ಲಿ ಒಬ್ಬಾಕೆ ಕೇಳಿದ್ಲು, "ಎಲ್ಲ ಬಿಳಿ ಬಟ್ಟೆ, ತುದೀಲಿ ಆ ನೀಲಿ ಶರ್ಟು ಒಂದೇ ಯಾಕೆ?" ಅಂತ. ಗಾಳಿ ನೋಡೋಕೆ ಅನ್ನಬೇಕು ಅಂತ ಬಾಯಿ ತೆರೆದೆ. ಅಪ್ಪ ಆ ಶರ್ಟು ಹಾಕ್ಕೊಂಡು ಸ್ಕೂಲ್ ಗೇಟಿನ ಹತ್ತಿರ ಕಾಯ್ತಿದ್ರಲ್ಲ, ಕೈಗೆ ಬಿಳಿ ಬಟ್ಟೆಗೆ ಹಾಕೋ ನೀಲಿ ಹತ್ತಿರ್ತಿತ್ತಲ್ಲ, ಅದು ಕಣ್ಣ ಮುಂದೆ ಬಂತು. "ಇಲ್ಲದವರಿಗೋಸ್ಕರ" ಅಂದುಬಿಟ್ಟೆ. ಅಷ್ಟೇ ಅಮ್ಮ ನಾನು ಅಂದಿದ್ದು. ಬಂದು ತೊಟ್ಟು ಹೋಗ್ತಾರೆ ಅನ್ನೋದೆಲ್ಲ ಬಾಯಿಂದ ಬಾಯಿಗೆ ಬೆಳೆದಿದ್ದು. ಆಕೆ ಅತ್ತಳು. ಮುಂದಿನ ವಾರ ಇನ್ನೊಬ್ಬ ಗೈಡ್ ಅದನ್ನೇ ಹೇಳಿದ. ಈಗ ನಮ್ಮ ಆಫೀಸಿನವರು ಅದಕ್ಕೆ 'ನೆನಪಿನ ಹಗ್ಗ' ಅಂತ ಹೆಸರಿಟ್ಟು ಪಾಂಪ್ಲೆಟ್ಟಿನಲ್ಲಿ ಅಚ್ಚು ಹಾಕಿಸಿದ್ದಾರೆ.

ನಿಲ್ಲಿಸೋಕೆ ನೋಡ್ತೀನಿ. ಒಂದು ಕೇಳಬೇಕಿತ್ತು. ಬೆಡ್‌ಶೀಟ್ ಹಿಂಡೋಕೆ ಎರಡು ಜನ ಬೇಕಲ್ಲ, ಈಗ ಆ ಕಡೆ ತುದಿ ಯಾರು ಹಿಡ್ಕೋತಾರೆ? ಇಸ್ತ್ರಿ ಮಾಡಿ ಮಾಡಿ ಚಿಕ್ಕಮ್ಮನಿಗೆ ಮಣಿಕಟ್ಟು ನೋವು ಅಂತ ಕೇಳಿದೆ.

ನಿನ್ನ
ಮಗಳು

ಮಾರ್ಚ್ 31

ಮಗಳಿಗೆ,

ನಿಲ್ಲಿಸೋಕೆ ನೋಡ್ತೀನಿ ಅಂದೆಯಲ್ಲ, ಚೆನ್ನಾಗಿ ನೋಡಿದೆ. ನಾಲ್ಕು ಇದ್ದಿದ್ದು ಈಗ ಹದಿನೇಳು. ನಾನು ಒಳಗೆ ಬಟ್ಟೆ ಕುದಿಸೋ ಹೊತ್ತು ನೋಡ್ಕೊಂಡು ಕಳ್ಳರ ಹಾಗೆ ಬಂದು ಹಾಕಿ ಹೋಗ್ತಾರೆ. ಲೋಕದಲ್ಲಿ ಬಟ್ಟೆ ಕದಿಯೋರನ್ನ ಕಂಡಿದ್ದೀನಿ, ಹಾಕಿ ಹೋಗೋ ಕಳ್ಳರನ್ನ ಇದೇ ಮೊದಲು ನೋಡಿದ್ದು.

ಅಷ್ಟಾದ್ರೆ ಪರವಾಗಿಲ್ಲ. ನಿನ್ನ ಚಿಕ್ಕಮ್ಮ ಇಸ್ತ್ರಿ ಮೇಜಿನ ಪಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ಲು. ಹಲ್ಲುನೋವಿಗೆ ಮಾತ್ರೆ ನುಂಗಿ ಜೀವ ಹಿಡ್ಕೊಂಡು ಕೂತಿದ್ದು ಪಾಪ. ಕಿಟಕಿಯಿಂದ ನಾಲ್ಕು ಜನ ಫೋಟೋ ಹೊಡೆದ್ರು, ಎಂಥ ಶಾಂತ ಮುಖ ಅಂತ. ಎದ್ದು ಶಾಂತವಾಗಿಯೇ ಬೈದ್ಲು, ಅದನ್ನೂ ವಿಡಿಯೋ ಮಾಡ್ಕೊಂಡ್ರು. ಚಿಕ್ಕಪ್ಪ ಎಂಟು ವರ್ಷದ ಹಿಂದೆ ಮಹಡಿ ಕಟ್ಟೋಕೆ ಹೊರಟು ಅರ್ಧಕ್ಕೆ ಕೈಬಿಟ್ಟ ಗೋಡೆ ಇದೆಯಲ್ಲ, ಅದರ ಮುಂದೆ ನಿಂತು ಇದು ಎಷ್ಟು ನೂರು ವರ್ಷ ಹಳೇದು ಅಂತ ಕೇಳ್ತಾರೆ. ಚಿಕ್ಕಪ್ಪನಿಗೆ ಮಾತ್ರ ಈಗ ಎದೆ ಉಬ್ಬಿದೆ. ಮನೆಯವರೆಲ್ಲ ಸೋಮಾರಿ ಅಂತ ಬೈತಿದ್ರು, ಈಗ ನೋಡಿ, ನಾನು ಕಟ್ಟದೇ ಬಿಟ್ಟಿದ್ದಕ್ಕೇ ಜನ ಬರ್ತಾರೆ ಅಂತಾನೆ.

ಆ ಬಟ್ಟೆಗಳ ಕಥೆ ಕೇಳು. ಒಣಹಾಕಿದ್ದಾರಲ್ಲ, ಒಬ್ಬರಾದ್ರೂ ಒಗೆದು ತಂದಿದ್ದಾರಾ? ಪೆಟ್ಟಿಗೇಲಿ ವರ್ಷಗಟ್ಟಲೆ ಇಟ್ಟ ಮುಗ್ಗಲು ವಾಸನೆ. ಕೆಲವಕ್ಕೆ ಚೀಟಿ ಬರೆದು ಪಿನ್ನು ಚುಚ್ಚಿದ್ದಾರೆ. ಪಿನ್ನು ತುಕ್ಕು ಹಿಡಿದ್ರೆ ಆ ಕಲೆ ಯಾವ ಸೋಪಿಗೂ ಹೋಗಲ್ಲ ಅಂತ ಇವರಿಗೆ ಯಾರು ಹೇಳಬೇಕು? ಎಸೆಯೋಣ ಅಂತ ಎಲ್ಲ ಕಿತ್ತು ಬುಟ್ಟಿಗೆ ಹಾಕಿದೆ. ಮೇಲೆ ಆ ಮಗುವಿನ ಕಾಲುಚೀಲ ಇತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಕೈ ಬರಲಿಲ್ಲ.

ಎಲ್ಲ ಒಗೆದೆ. ಒಂದು ಸ್ವೆಟರು ಬಿಟ್ಟು. ಅದರ ಕಾಲರು ಮೂಸಿ ನೋಡಿದ್ರೆ ತಲೆಗೆ ಹಾಕೋ ಎಣ್ಣೆ ವಾಸನೆ ಇನ್ನೂ ಇತ್ತು. ಅದನ್ನ ಒಗೆದ್ರೆ ತಂದವರಿಗೆ ಏನು ಉಳಿಯುತ್ತೆ? ಬರೀ ಗಾಳಿಗೆ ಹಾಕಿ ಮಡಚಿಟ್ಟೆ. ಒಂದೊಂದರ ಮೂಲೇಲೂ ಕೆಂಪು ದಾರದಲ್ಲಿ ಗುರುತು ಹೊಲಿದಿದ್ದೀನಿ, ಚೀಟಿಗೂ ಅದೇ ಗುರುತು. ನಮ್ಮ ಕಸುಬಿನಲ್ಲಿ ಬಂದ ಬಟ್ಟೆ ಬಂದವರಿಗೆ ವಾಪಸ್ ಹೋಗಬೇಕು. ಇಷ್ಟು ವರ್ಷದಲ್ಲಿ ಒಂದು ಕರ್ಚೀಫೂ ನಮ್ಮಲ್ಲಿ ಉಳಿದಿಲ್ಲ.

ಹಿಂಡೋಕೆ ಯಾರು ಅಂತ ಕೇಳಿದೆ. ಗೋಡೆಗೊಂದು ಕೊಕ್ಕೆ ಹೊಡೆಸಿದ್ದೀನಿ. ಒಂದು ತುದಿ ಅದಕ್ಕೆ ಸಿಕ್ಕಿಸಿ ಇನ್ನೊಂದು ತುದಿ ನಾನು ತಿರುವ್ತೀನಿ. ಕೊಕ್ಕೆ ಒಳ್ಳೇದು. ಎದುರು ಮಾತಾಡಲ್ಲ, ಗೈಡ್ ಆಗ್ತೀನಿ ಅನ್ನಲ್ಲ.

ನಿನ್ನ ಅಮ್ಮ

ಏಪ್ರಿಲ್ 14

ಅಮ್ಮಾ,

ಕೊಕ್ಕೆ ವಿಷಯ ಓದಿ ನಗು ಬಂತು. ಆಮೇಲೆ ಬಂದಿದ್ದು ನಗು ಅಲ್ಲ.

ಆಫೀಸಿನಲ್ಲಿ ಹೇಳಿದೆ. ನಮ್ಮ ಯಜಮಾನರು, "ಜನ ಇಲ್ಲಿ ತನಕ ನಿಜ ನೋಡೋಕೆ ಬರ್ತಾರೇನಮ್ಮಾ? ನಿಜ ಅವರ ಮನೇಲೇ ಬೇಕಾದಷ್ಟಿದೆ. ಬಸ್ಸು ತುಂಬ್ತಿರೋದೇ ನಿನ್ನ ಆ ಹಗ್ಗದಿಂದ, ಸುಮ್ಮನಿರು" ಅಂದ್ರು. ಸುಮ್ಮನೆ ಬಂದೆ. ನನಗೆ ಧೈರ್ಯ ಸಾಲಲ್ಲ ಅಮ್ಮ. ಈ ಕೆಲಸ ಹೋದ್ರೆ ನಾನು ಎಲ್ಲಿಗೆ ಹೋಗಲಿ? ಇಳಿದು ಬರೋಕೆ ಮೆಟ್ಟಿಲೂ ಇಲ್ಲ.

'ಬಟ್ಟೆ ಹಾಕಬೇಡಿ' ಅಂತ ಒಂದು ಬೋರ್ಡು ಬರೆದು ಕಳಿಸಲಾ?

ನಿನ್ನ
ಮಗಳು

ಮೇ 3

ಮಗಳಿಗೆ,

ಬೋರ್ಡು ಬೇಡ. ಬೋರ್ಡಿಗೂ ಒಂದು ಕ್ಲಿಪ್ ಹಾಕಿ ಹೋಗ್ತಾರೆ.

ನಿನ್ನೆ ಹೋಟೆಲ್ ಮ್ಯಾನೇಜರು ಖುದ್ದು ಬಂದಿದ್ದ. ಪಾಲಿಷ್ ಹಾಕಿದ ಬೂಟು, ನನ್ನ ಒದ್ದೆ ಕಲ್ಲಿನ ಮೇಲೆ ಜಾರಿ ಬೀಳ್ತಿದ್ದ, ಹಿಡ್ಕೊಂಡೆ. ಬಿಡಬೇಕಿತ್ತು. ಹಗ್ಗ ಎಲ್ಲ ಅವರಿವರ ಬಟ್ಟೆ ತುಂಬಿ ಅವನ ಬೆಡ್‌ಶೀಟ್ ಎರಡು ದಿನ ತಡ ಆಗಿತ್ತು. ಅದಕ್ಕೇ ಬೈಯೋಕೆ ಬಂದ ಅಂದ್ಕೊಂಡೆ. ಬೈಲಿಲ್ಲ. "ಅಮ್ಮಾ, ನೀವು ಇನ್ನು ಒಗೆಯೋ ಕಷ್ಟವೇ ಬೇಡ. ಬೆಡ್‌ಶೀಟ್ ಎಲ್ಲ ಪಟ್ಟಣದ ಮಷೀನಿಗೆ ಕಳಿಸ್ತೀನಿ. ನೀವು ಆ ನೀಲಿ ಶರ್ಟಿನ ಪಕ್ಕ ಒಂದು ಕುರ್ಚಿ ಹಾಕ್ಕೊಂಡು ಕೂತಿರಿ, ಸಾಕು. ಸಂಬಳ ಕೊಡ್ತೀನಿ. ನಮ್ಮ ಗೆಸ್ಟುಗಳು ಬಂದು ನೋಡ್ತಾರೆ" ಅಂದ. ಆಗಲ್ಲ ಅಂದ್ರೆ ಈ ತಿಂಗಳ ಕೊನೆಯೊಳಗೆ ಹಗ್ಗ ಖಾಲಿಯಾಗಿ ಅವನ ಬೆಡ್‌ಶೀಟ್ ಹೊತ್ತಿಗೆ ಸರಿಯಾಗಿ ಸಿಗಬೇಕು. ಅದೂ ಆಗಲ್ಲ ಅಂದ್ರೆ ಮಷೀನೇ ಗತಿ.

ಹದಿನಾರು ವರ್ಷಕ್ಕೆ ಈ ಕಲ್ಲಿನ ಮುಂದೆ ನಿಂತವಳು ಕಣೇ ನಾನು. ಮದುವೆಯಾದ ಮೇಲೆ ಆ ತುದಿ ನಿಮ್ಮಪ್ಪ, ಈ ತುದಿ ನಾನು. ಒಂದು ಊರಿನ ಹಾಸಿಗೆಯೆಲ್ಲ ಬೆಳ್ಳಗಿಟ್ಟಿದ್ದೀವಿ. ಈಗ ಕೈ ಕಟ್ಟಿ ಕೂತು ಗಂಡನ ಶರ್ಟು ಕಾಯೋ ಬೊಂಬೆ ಆಗಬೇಕಂತೆ! ಅವನು ಹೋದ ಮೇಲೆ ನೀರಿನ ತೊಟ್ಟಿ ಅಂಚಿನಲ್ಲಿ ಕೂತು ಅತ್ತೆ. ಬರೀಬಾರದು ಅಂದ್ಕೊಂಡಿದ್ದೆ, ಬರೆದಾಯ್ತು. ನಿನ್ನ ಮೇಲೆ ಸಿಟ್ಟು ಬಂತು ಅನ್ನೋದಕ್ಕಿಂತ, ಭಯ ಆಯ್ತು. ಒಗೆಯೋ ಕೆಲಸ ಬಿಟ್ರೆ ಬೆಳಗ್ಗೆ ಎದ್ದು ನಾನು ಏನು ಮಾಡಲಿ?

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನೀನು ಆಡಿದ್ದನ್ನ ನೀನೇ ಹೋಗಿ ವಾಪಸ್ ತಗೋಬೇಕು, ಬೇರೆ ದಾರಿ ಇಲ್ಲ. ಮೇಲೆ ನಿಂತೇ ಹೇಳು, ಇಳೀಬೇಕಾಗಿಲ್ಲ. ಆದ್ರೆ ಹೇಳು.

ಅಮ್ಮ

ಮೇ 7

(ಬಸ್ ಟಿಕೆಟ್ಟಿನ ಹಿಂದೆ)

ಶನಿವಾರ ಹೇಳ್ತೀನಿ. ನಿನಗೆ ಕೇಳಿಸಲ್ಲ. ಕೊಡೆ ಮಡಚಿದ್ರೆ ಹೇಳ್ತಿದ್ದೀನಿ ಅಂತ ಅರ್ಥ.

ಮೇ 20

ಅಮ್ಮಾ,

ನೀನು ನೋಡಿದೆ, ನನಗೆ ಗೊತ್ತು. ಬುಟ್ಟಿ ಸೊಂಟದ ಮೇಲೆ ಇಟ್ಟುಕೊಂಡು ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆ. ಅಷ್ಟು ಹೊತ್ತು ನೀನು ಸುಮ್ಮನೆ ನಿಂತಿದ್ದು ನಾನು ಈ ಜನ್ಮದಲ್ಲಿ ನೋಡಿಲ್ಲ.

ಬಸ್ಸಿನಲ್ಲಿ ಮೂವತ್ತು ಜನ ಇದ್ರು. ಕಂಬಿ ಹತ್ತಿರ ಎಲ್ಲರೂ ಸೇರಿದ ಮೇಲೆ ಕೊಡೆ ಮಡಚಿದೆ. "ಪಾಂಪ್ಲೆಟ್ಟಿನಲ್ಲಿ ಓದಿದ್ದು ಸುಳ್ಳು. ಈ ಊರಲ್ಲಿ ಅಂಥ ಪದ್ಧತಿ ಇಲ್ಲ. ಮೊದಲು ಹೇಳಿದವಳು ನಾನೇ. ಬೇಕರಿ ಹೊಗೆ ಯಾವ ಕಡೆ ಬರುತ್ತೆ ಅಂತ ನೋಡೋಕೆ ಆ ಶರ್ಟು ಹಾಕ್ತಾರೆ. ಶರ್ಟು ನಮ್ಮಪ್ಪಂದು. ಕೆಳಗೆ ಬುಟ್ಟಿ ಹಿಡ್ಕೊಂಡು ನಿಂತಿರೋರು ನಮ್ಮಮ್ಮ" ಅಂದೆ. ಮೂರು ವರ್ಷದಲ್ಲಿ ಬಂದ ಒಬ್ಬರಿಗೂ ನಾನು ಅದನ್ನ ಹೇಳಿರಲಿಲ್ಲ. ಒಬ್ಬ ಟಿಕೆಟ್ ದುಡ್ಡು ವಾಪಸ್ ಕೊಡಿ ಅಂದ. ಒಬ್ಬಾಕೆ, "ನಮ್ಮ ದುಃಖದ ಜೊತೆ ಆಟ ಆಡಿದೆಯಲ್ಲಾ" ಅಂದಳು. ಅದು ನ್ಯಾಯವೇ.

ಚಳಿಗಾಲದಿಂದ ಪಟ್ಟಣದಲ್ಲೇ ಬಾಡಿಗೆಗೆ ಇರೋ ಬಿಳಿ ಗಡ್ಡದ ಅಜ್ಜ ಒಬ್ಬರಿದ್ದಾರೆ. ನಮ್ಮ ಭಾಷೆ ಅಲ್ಪಸ್ವಲ್ಪ ಕಲಿತಿದ್ದಾರೆ. ಆ ಹೂವಿನ ಸ್ಕಾರ್ಫು ಅವರ ಹೆಂಡತಿದು. ಅವರು ಕೇಳಿದ್ರು, "ಹಾಗಾದ್ರೆ ಅವಳ ಸ್ಕಾರ್ಫು ಏನಾಯ್ತು?" ಅಂತ. ನಾನು ಹೇಳಿದೆ, "ಅಮ್ಮ ಒಗೆದು, ಚಿಕ್ಕಮ್ಮ ಇಸ್ತ್ರಿ ಮಾಡಿ, ಗುರುತು ಹಾಕಿ ಇಟ್ಟಿದ್ದಾರೆ. ಕೇಳಿದ್ರೆ ಕೊಡ್ತಾರೆ. ನಮ್ಮ ಮನೇಲಿ ಯಾರ ಬಟ್ಟೇನೂ ಇಟ್ಕೊಳ್ಳಲ್ಲ." ಅಜ್ಜ ಕೋಲು ಊರಿಕೊಂಡು ಇಳಿಯೋಕೆ ಶುರು ಮಾಡಿದ್ರು. ಹಿಂದೆ ಏಳೆಂಟು ಜನ ಹೋದ್ರು. "ನೀನು ಬರಲ್ವಾ?" ಅಂತ ಅಜ್ಜ ತಿರುಗಿ ಕೇಳಿದ್ರು. ಮೊಣಕಾಲು ನೋವು ಅಂದೆ. ಎಪ್ಪತ್ತೈದು ವರ್ಷದವರು ಕೋಲು ಹಿಡಿದು ಇಳೀತಾ ನನ್ನ ಮೊಣಕಾಲು ನೋಡಿದ್ರು.

ಆಫೀಸಿನವರಿಗೆ ಆ ದಿನವೇ ಸುದ್ದಿ ಹೋಯ್ತು. ಕೊಡೆ ತಗೊಂಡುಬಿಟ್ರು. ಹೇಳಿ ಕಳಿಸೋ ತನಕ ಮನೇಲಿರು ಅಂದಿದ್ದಾರೆ. ಇದ್ದೀನಿ. ಆಶ್ಚರ್ಯ ಅಂದ್ರೆ ನಿದ್ದೆ ಚೆನ್ನಾಗಿ ಬರ್ತಿದೆ.

ಒಂದು ವಿಷಯ ಕೇಳಬೇಕು. ಮೇಲೆ ಉಳಿದವರಲ್ಲಿ ದೊಡ್ಡ ಕ್ಯಾಮೆರಾದ ಒಬ್ಬಾಕೆ ಇದ್ಲು. "ಹೊಗೆ ಅಂದೆಯಲ್ಲ, ಎಲ್ಲಿದೆ ಹೊಗೆ?" ಅಂದಳು. ಅಲ್ಲಿ ಅಂತ ಬೆರಳು ತೋರಿಸಿದೆ. ಹೊಗೆ ಇರಲಿಲ್ಲ. ಒಲೆ ಆರಿಸಿರಬೇಕು ಅಂದೆ. ಅವಳು ಕ್ಯಾಮೆರಾ ನನ್ನ ಕೈಗೆ ಕೊಟ್ಟಳು. ಚಿಮಣಿ ಬಾಯಲ್ಲಿ ಮೊಳಕೈಯುದ್ದ ಹುಲ್ಲು ಬೆಳೆದಿದೆ ಅಮ್ಮ. ವಾರಕ್ಕೆರಡು ಸಲ, ಮೂರು ವರ್ಷ, ಅದೇ ಕಡೆ ನೋಡಿದ್ದೀನಿ. ಶರ್ಟು ನೋಡಿದ್ದೀನಿ, ನಿನ್ನ ನೋಡಿದ್ದೀನಿ, ಚಿಮಣಿ ನೋಡಿಲ್ಲ.

ಅಮ್ಮಾ, ಹೊಗೆ ಎಲ್ಲಿ?

ನಿನ್ನ
ಮಗಳು

ಜೂನ್ 7

ಮಗಳೇ,

ನಿನ್ನ ಕಾಗದ ಬಂದು ಎರಡು ವಾರ ಆಯ್ತು. ಕೆಲಸ ಇತ್ತು, ಬರೆಯೋಕೆ ಆಗಲಿಲ್ಲ. ಕೆಲಸ ಅಷ್ಟೇನೂ ಇರಲಿಲ್ಲ, ಬಿಡು.

ಮೊದಲು ಆ ದಿನದ ಕಥೆ ಹೇಳ್ತೀನಿ. ಅಜ್ಜ ಇಳಿದು ಬಂದವರು ಇಸ್ತ್ರಿ ಕೋಣೇಲಿ ಕೂತ್ರು. ಚಿಕ್ಕಮ್ಮ ಸ್ಕಾರ್ಫು ತಂದು ಕೊಟ್ಟಳು. ಮೂಲೆಯ ಕೆಂಪು ಗುರುತು ಸವರಿ ನೋಡಿ, ಇದೇನು ಅಂತ ಕೇಳಿದ್ರು. ನಿಮ್ಮದು ಅಂತ ಗುರುತು, ಬೇರೆಯವರ ಬಟ್ಟೆ ಜೊತೆ ಕಲೆಸಿ ಹೋಗಬಾರದಲ್ಲ ಅಂದೆ. ಅಜ್ಜ ಅದನ್ನ ಮುಖಕ್ಕೆ ಒತ್ತಿ ಹಿಡ್ಕೊಂಡ್ರು. ನಾನೂ ಚಿಕ್ಕಮ್ಮನೂ ಮಾಡೋಕೆ ಕೆಲಸ ಇಲ್ಲದಿದ್ರೂ ಆ ಕಡೆ ತಿರುಗಿ ಏನೋ ಮಡಚಿದ್ವಿ. ಆಮೇಲೆ ಹೆಂಡತಿ ವಿಷಯ ಹೇಳಿದ್ರು. ಅವಳು ಊಟ ಬಡಿಸುವಾಗ ಕೂಡ ಜಗಳ ಆಡ್ತಿದ್ಲಂತೆ. ಒಳ್ಳೇ ಹೆಂಗಸು ಅನ್ನಿಸಿತು.

ಹೋಗೋ ಮುಂಚೆ ನನ್ನ ಕೊಕ್ಕೆ ನೋಡಿದ್ರು. ನಾನು ಹಿಡ್ಕೋತೀನಿ ಅಂತ ಬೆಡ್‌ಶೀಟಿನ ತುದಿ ಎತ್ತಿದ್ರು. ಅಯ್ಯೋ, ನಾನು ತಿರುವಿದ ಹಾಗೇ ಅವರೂ ತಿರುವ್ತಾರೆ! ಬೆಡ್‌ಶೀಟು ಉರುಳ್ತಿದೆ, ಒಂದು ತೊಟ್ಟು ನೀರು ಬೀಳ್ತಿಲ್ಲ. ಚಿಕ್ಕಮ್ಮ ನಕ್ಕೂ ನಕ್ಕೂ ಹಲ್ಲುನೋವು ಮರೆತಳು. ಎದುರಾಬದುರು ನಿಂತವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ತಿರುವಿದ್ರೇ ನೀರು ಹಿಂಡಿ ಬರೋದು ಅಂತ ಕಲಿಸಿದೆ. ಈಗ ಬುಧವಾರ ಬುಧವಾರ ಬರ್ತಾರೆ. ಬಟ್ಟೆ ಹಾಕಿದ ಉಳಿದವರೂ ಒಬ್ಬೊಬ್ಬರೇ ಬಂದು ತಗೊಂಡು ಹೋದ್ರು. ದೂರ ಹೋದವರದ್ದನ್ನ ಚೀಟಿ ನೋಡಿ ಅಂಚೆಗೆ ಹಾಕಿದ್ದೀನಿ. ಕಾಲುಚೀಲದ ತಾಯಿ ಬಂದಿದ್ಲು. ಅವಳ ವಿಷಯ ಬರೆಯೋಕೆ ಆಗಲ್ಲ, ಎದುರಿಗೆ ಹೇಳ್ತೀನಿ. ಹಗ್ಗ ಖಾಲಿ ಆಯ್ತು, ಮ್ಯಾನೇಜರಿಗೆ ಬೆಡ್‌ಶೀಟ್ ಒಂದು ದಿನ ಮುಂಚೆಯೇ ಹೋಯ್ತು. ಕುರ್ಚಿ ಬೇಕಾದ್ರೆ ನೀನೇ ಹಾಕ್ಕೊಂಡು ಕೂತ್ಕೋಪ್ಪಾ ಅಂತ ಹೇಳಿ ಕಳಿಸಿದೆ. ಕೆಲಸ ಉಳೀತು.

ಇನ್ನೊಂದು ಮಾಡಿದ್ದೀನಿ, ಡ್ರೈವರಣ್ಣ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ. ಹೋದ ಶನಿವಾರ ಮೇಲೆ ನೋಡಿದ್ರೆ ಕೆಂಪು ಕೊಡೆ. ಯಾವನೋ ಹೊಸ ಗೈಡು. ಕೈ ಆಡಿಸಿ ಆಡಿಸಿ ನನ್ನ ಹಗ್ಗ ತೋರಿಸ್ತಿದ್ದಾನೆ. ರೇಗಿ ಹೋಯ್ತು. ಒದ್ದೆ ಕೈಯಲ್ಲೇ ನೂರಾ ನಲವತ್ತು ಮೆಟ್ಟಿಲು ಹತ್ತಿದೆ. ಎರಡು ಕಡೆ ಕೂತೆ, ಯಾರಿಗೂ ಹೇಳಬೇಡ. ಮೇಲೆ ಹೋಗಿ ಅಷ್ಟೂ ಜನರ ಮುಂದೆ ಕೇಳಿದೆ, "ನನ್ನ ಮಗಳೆಲ್ಲಿ? ನಿಜ ಹೇಳಿದಳು ಅಂತ ಕೊಡೆ ಕಿತ್ಕೊಂಡ್ರಾ? ಇನ್ನು ಆ ಸುಳ್ಳು ಹೇಳೋರು ಯಾರೇ ಆಗಲಿ, ನನ್ನ ಅಂಗಳಕ್ಕೆ ಒಬ್ಬರನ್ನೂ ಬಿಡಲ್ಲ. ನಿಮ್ಮ ಯಜಮಾನರಿಗೆ ಹೇಳು, ನನ್ನ ಹಗ್ಗ ತೋರಿಸಬೇಕಾದ್ರೆ ನನ್ನ ಮಗಳೇ ತೋರಿಸಬೇಕು." ಪಾಪ ಆ ಹುಡುಗ ಬಿಳುಚಿಕೊಂಡ. ಬಂದವರು ಚಪ್ಪಾಳೆ ತಟ್ಟಿದ್ರು. ಅದು ಈ ಊರಿನ ಪದ್ಧತಿ ಅಂದ್ಕೊಂಡ್ರೋ ಏನೋ.

ಆಮೇಲೆ ಏದುಸಿರು ಬಿಡ್ತಾ ಆ ಕಂಬಿ ಹಿಡ್ಕೊಂಡು ಕೆಳಗೆ ನೋಡಿದೆ. ಇಷ್ಟು ವರ್ಷ ಇಲ್ಲಿದ್ದೀನಿ, ಅಲ್ಲಿ ನಿಂತು ಒಂದು ದಿನ ನೋಡಿರಲಿಲ್ಲ. ನೋಡೋಕೆ ಪುರುಸೊತ್ತು ಯಾರಿಗಿತ್ತು? ನಮ್ಮ ಅಂಗಳ ಅಂಗೈಯಷ್ಟು ಕಾಣುತ್ತೆ. ಬಿಳಿ ಬೆಡ್‌ಶೀಟೆಲ್ಲ ಸಾಲಾಗಿ, ತುದೀಲಿ ಶರ್ಟು. ಗಾಳಿ ತುಂಬಿಕೊಂಡು ಹೆಗಲು ಎದ್ದಿತ್ತು, ಒಂದು ತೋಳು ಮೇಲಕ್ಕೆ ಹೋಗ್ತಿತ್ತು. ಅಲ್ಲಿಂದ ನೋಡಿದ್ರೆ ಅವರೇ ನಿಂತು ಕೈ ಬೀಸಿದ ಹಾಗಿದೆ ಕಣೇ. ನೀನು ಮೂರು ವರ್ಷ ಅದನ್ನ ನೋಡ್ಕೊಂಡು ಅಲ್ಲೇ ನಿಂತಿದ್ಯಾ? ನಾನಾಗಿದ್ರೆ ಇನ್ನೂ ದೊಡ್ಡ ಸುಳ್ಳು ಹೇಳ್ತಿದ್ದೆ.

ನಿನ್ನೆ ಡ್ರೈವರಣ್ಣ ಬಂದು ಹೇಳಿದ, ಪಾಂಪ್ಲೆಟ್ಟಿನಲ್ಲಿ ಆ ಪುಟ ತೆಗೀತಾರಂತೆ, ಬುಧವಾರದಿಂದ ಕೊಡೆ ನಿನ್ನ ಕೈಗೆ ವಾಪಸ್ ಕೊಡ್ತಾರಂತೆ. ಬಂದ ಜನ ನಿಜ ಹೇಳಿದ ಹುಡುಗಿ ಎಲ್ಲಿ ಅಂತ ಕೇಳ್ತಿದ್ದಾರಂತೆ. ನಿಮ್ಮ ಯಜಮಾನರಿಗೆ ನಿಜದ ಮೇಲೆ ಪ್ರೀತಿ ಬಂತು ಅಂತ ನಾನು ನಂಬಲ್ಲ. ಆದ್ರೂ ಒಳ್ಳೇದೇ. ಗೈಡ್ ಕೆಲಸ ಬಿಡಬೇಡ. ಬಾಯಿ ನಿನಗೆ ನನ್ನಿಂದಲೇ ಬಂದಿದ್ದು, ಅದಕ್ಕೆ ಸರಿಯಾದ ಕೆಲಸ ಅದೇ ಅಂತ ಚಿಕ್ಕಮ್ಮ ಅಂತಾಳೆ.

ಈಗ ನೀನು ಕೇಳಿದ್ದು. ಎರಡು ವಾರದಿಂದ ಅದನ್ನ ಬಿಟ್ಟು ಬೇರೆ ಎಲ್ಲ ಬರೀತಿದ್ದೀನಿ.

ಹೊಗೆ ಇಲ್ಲ. ನೀನು ಪೆಟ್ಟಿಗೆ ಹಿಡ್ಕೊಂಡು ಹೋದ ವಾರವೇ ಬೇಕರಿಯವನು ಕರೆಂಟ್ ಒಲೆ ತಂದ. ಅವತ್ತಿಂದ ಆ ಚಿಮಣಿ ಸುಮ್ಮನೆ ನಿಂತಿದೆ. ಗಾಳಿ ಯಾವ ಕಡೆ ಬೀಸಿದ್ರೂ ನನ್ನ ಬೆಡ್‌ಶೀಟಿಗೆ ಏನೂ ಆಗಲ್ಲ. ಚಿಕ್ಕಮ್ಮನಿಗೂ ಗೊತ್ತು. ಅವಳು ಜನ್ಮದಲ್ಲಿ ಉಳಿಸಿದ ಗುಟ್ಟು ಇದೊಂದೇ. ಆದ್ರೂ ಬೆಳಗ್ಗೆ ಎದ್ದು ಮೊದಲು ಶರ್ಟು ಹಾಕ್ತೀನಿ. ತೋಳು ಯಾವ ಕಡೆ ಹೋಗುತ್ತೆ ಅಂತ ನಿಂತು ನೋಡ್ತೀನಿ. ಬೆಡ್‌ಶೀಟ್ ಹಾಕು ಅಂತ ನಿಮ್ಮಪ್ಪ ಹೇಳಿದ ಹಾಗೆ ಆಗುತ್ತೆ. ಆಮೇಲೇ ನನಗೆ ಕೈ ಕಾಲು ಆಡೋದು. ಗಾಳಿ ನೋಡೋಕೆ, ಕೆಲಸಕ್ಕೆ ಅಂತ ನಿನಗೆ ಅಷ್ಟುದ್ದ ಬರೆದೆನಲ್ಲ, ಸುಳ್ಳು ಹೇಳಿದ್ದು ನಾನು. ನೀನು ಮೇಲಿಂದ ನೋಡಿ ಹೇಳಿದ್ದೇ ಸರಿ ಇತ್ತು.

ಮೆಟ್ಟಿಲೆಲ್ಲ ಗುಡಿಸಿಟ್ಟಿದ್ದೀನಿ. ಅರವತ್ತನೇ ಮೆಟ್ಟಿಲು ಅಲ್ಲಾಡುತ್ತೆ, ಹುಷಾರು. ಮೊಣಕಾಲು ನೋವು ಅಂತ ನನ್ನ ಹತ್ತಿರ ಹೇಳಬೇಡ.

ಬುಧವಾರ ನಾನು ಶರ್ಟು ಹಾಕಲ್ಲ. ನೀನು ಇಳಿದು ಬಂದು ಹಾಕು.

ಅಮ್ಮ